ಸೊನ್ನೆ ಸೆಕೆಂಡಿನಿಂದ ಶುರು ಮಾಡಬೇಡ

ಪ್ರೀತಿಯ ತಮ್ಮನಿಗೆ,

ವಿಶ್ವದ ಹುಟ್ಟಿನ ಬಗ್ಗೆ ನೀನು ಬರೆದ ಲೇಖನ ಓದಿದೆ. ‘ಇದನ್ನೆಲ್ಲ ಯಾರು ಓದುತ್ತಾರೆ’ ಎಂದು ಕಾಗದದ ಕೊನೆಗೆ ಕೊರಗಿದ್ದೀಯ. ಓದುತ್ತಾರೆ. ಉದ್ದ, ಶೀರ್ಷಿಕೆ, ಪ್ಯಾರಾ ಇವೆಲ್ಲ ಬರೆಯುತ್ತ ಬರೆಯುತ್ತ ಕೂಡಿಬರುತ್ತವೆ, ಆ ಚಿಂತೆ ಬಿಡು. ನನ್ನ ತಕರಾರು ಒಂದೇ. ಮೊದಲ ಸಾಲಿನಲ್ಲೇ ‘ಆದಿಯಲ್ಲಿ ಒಂದು ಬಿಂದು ಸಿಡಿಯಿತು’ ಎಂದಿದ್ದೀಯಲ್ಲ, ಅದನ್ನು ಅಳೆದವರು ಯಾರು? ಸೊನ್ನೆ ಸೆಕೆಂಡಿಗೆ ಹೋದರೆ ಐನ್‌ಸ್ಟೈನರ ಸಮೀಕರಣಗಳೇ ಕೈಚೆಲ್ಲುತ್ತವೆ. ಬಿಂದು ಎಂದ ಕೂಡಲೇ ಓದುಗ ಅದರ ಸುತ್ತ ಖಾಲಿ ಜಾಗ ಕಲ್ಪಿಸಿಕೊಂಡು ‘ಸಿಡಿದದ್ದು ಎಲ್ಲಿ?’ ಎಂದು ಹುಡುಕತೊಡಗುತ್ತಾನೆ. ಹಿಗ್ಗಿದ್ದು ಜಾಗವೇ, ಅದಕ್ಕೆ ನಡುವೆಂಬುದಿಲ್ಲ.

ಇವತ್ತಿನಿಂದ ಹಿಂದಕ್ಕೆ ನಡೆ. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಮೈಕ್ರೋವೇವ್ ವಿಕಿರಣವನ್ನು ಪತ್ತೆಹಚ್ಚಿದ್ದನ್ನು ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದರು. ಅದರ ತಾಪ ಈಗ 2.725 ಕೆಲ್ವಿನ್, ಹೊರಟಾಗ ಸುಮಾರು 3000. ವಿಶ್ವ ಎಷ್ಟು ಪಟ್ಟು ಹಿಗ್ಗಿತೋ ತಾಪ ಅಷ್ಟು ಪಟ್ಟು ಇಳಿಯಿತು. ಭಾಗಿಸಿದರೆ ಸುಮಾರು 1100, ಅಂದರೆ ವಿಶ್ವ ಅಷ್ಟು ಪಟ್ಟು ಹಿಗ್ಗಿದೆ. ಈ ಲೆಕ್ಕವನ್ನು ಓದುಗನ ಕೈಯಲ್ಲೇ ಮಾಡಿಸು. ಆ ವಿಕಿರಣ ಹೊರಟಾಗ ವಿಶ್ವದ ವಯಸ್ಸು ಸುಮಾರು 3,80,000 ವರ್ಷ.

ಇನ್ನೂ ಹಿಂದೆ, ಮೊದಲ ಕೆಲವು ನಿಮಿಷಗಳಿಗೆ ನೀನು ಕೊಟ್ಟಿರುವುದು ಅರ್ಧ ಸಾಲು! ರಸವೆಲ್ಲ ಇರುವುದು ಅಲ್ಲೇ ಅಲ್ಲವೇನಪ್ಪಾ? ತಾಪ ಸುಮಾರು ನೂರು ಕೋಟಿ ಡಿಗ್ರಿಗೆ ಇಳಿಯುವವರೆಗೆ ಹೀಲಿಯಂಗೆ ಮೊದಲ ಮೆಟ್ಟಿಲಾದ ಡ್ಯೂಟೀರಿಯಂ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಕೂಡಿದ್ದು) ಹುಟ್ಟಿದಂತೆಲ್ಲ ಒಡೆದುಹೋಗುತ್ತದೆ. ಅಷ್ಟರಲ್ಲಿ ಒಂದಿಷ್ಟು ನ್ಯೂಟ್ರಾನುಗಳು ಕ್ಷಯಿಸಿ ಪ್ರೋಟಾನುಗಳಾಗುತ್ತವೆ. ಕೊನೆಗೆ ಏಳು ಪ್ರೋಟಾನಿಗೆ ಹೆಚ್ಚುಕಡಿಮೆ ಒಂದು ನ್ಯೂಟ್ರಾನ್. ಹದಿನಾರು ಕಣ ತೆಗೆದುಕೋ: 14 ಪ್ರೋಟಾನ್, 2 ನ್ಯೂಟ್ರಾನ್. ಎರಡೂ ನ್ಯೂಟ್ರಾನುಗಳು ಎರಡು ಪ್ರೋಟಾನುಗಳ ಜೊತೆ ಸೇರಿ ಒಂದು ಹೀಲಿಯಂ ಆಗುತ್ತದೆ, ಮಿಕ್ಕ 12 ಹೈಡ್ರೋಜನ್ನೇ. ಹದಿನಾರರಲ್ಲಿ ನಾಲ್ಕು, ಅಂದರೆ ತೂಕದಲ್ಲಿ ಕಾಲು ಭಾಗ ಹೀಲಿಯಂ. ಭಾರದ ಧಾತುಗಳು ತೀರಾ ಕಡಿಮೆ ಇರುವ ಗೆಲಾಕ್ಸಿಗಳಲ್ಲಿ ಅಳೆದಾಗಲೂ ಸಿಗುವುದು ಸುಮಾರು ಅಷ್ಟೇ. ಇದನ್ನು ಹೇಳಿದ ಮೇಲೆ ಓದುಗನಿಗೆ ನಿನ್ನ ಮಾತನ್ನು ಬರಿದೇ ನಂಬುವ ಅಗತ್ಯ ಬೀಳುವುದಿಲ್ಲ.

ಆದರೆ ಇದೇ ಸಿದ್ಧಾಂತ ಲಿಥಿಯಂ ವಿಷಯದಲ್ಲಿ, ಹಳೆಯ ನಕ್ಷತ್ರಗಳಲ್ಲಿ ಕಾಣುವುದರ ಸುಮಾರು ಮೂರು ಪಟ್ಟು ಇರಬೇಕೆನ್ನುತ್ತದೆ. ಅದನ್ನೂ ಬರೆ, ಮುಚ್ಚಿಡಬೇಡ. ಆ ನಿಮಿಷಗಳಿಗೂ ಹಿಂದಿನ ಇನ್‌ಫ್ಲೇಶನ್, ಅಂದರೆ ವಿಶ್ವ ಕ್ಷಣಾರ್ಧದಲ್ಲಿ ಭಾರೀ ಹಿಗ್ಗಿತೆಂಬುದು, ಬಲವಾದ ಊಹೆ, ಹೀಲಿಯಂ ಲೆಕ್ಕದಷ್ಟು ಗಟ್ಟಿಯಲ್ಲ. ಎರಡನ್ನೂ ಒಂದೇ ದನಿಯಲ್ಲಿ ಹೇಳಕೂಡದು. ಓಟ ಚುರುಕಾಗಲಿ ಎಂದು ‘ಬಹುಶಃ’ವನ್ನು ಹೊಡೆದುಹಾಕುವ ಸಂಪಾದಕರ ಮೇಲೆ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ನೀನೂ ಜಗಳವಾಡು.

ಮೊದಲ ಪ್ಯಾರಾ ಕಿತ್ತುಹಾಕಿ, ಹೀಲಿಯಂ ಭಾಗವನ್ನು ಒಂದು ಪುಟಕ್ಕೆ ಬೆಳೆಸಿ ಮತ್ತೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ