ಅವ್ವನ ಲೆಕ್ಕ

ಅಡಿಲೇಡ್
ಭಾನುವಾರ ಸಂಜೆ

ಪ್ರೀತಿಯ ಅಣ್ಣನಿಗೆ ಮತ್ತು ವೈನಿಗೆ ನಮಸ್ಕಾರಗಳು.

ನಾನು ಗುರುವಾರ ಬೆಳಿಗ್ಗೆ ಇಲ್ಲಿ ಮುಟ್ಟಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಅವ್ವನನ್ನು ಇಲ್ಲಿಗೆ ಕರೆಸುವ ಮಾತು ಬಂದ ಕೂಡಲೇ ನಾವಿಬ್ಬರೂ ಜಾರಿಕೊಳ್ಳುತ್ತೇವೆ. ನೀನು "ಆಯ್ತು ಬಿಡು" ಅನ್ನುತ್ತೀ. ನಾನು "ವೈನಿಗೆ ಕೊಡು" ಅನ್ನುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಓದು.

ನಿನಗೆ ಬೇಜಾರಾಗಿದೆ ಅಂತ ಗೊತ್ತು. ಐದು ವಾರದ ರಜೆಯಲ್ಲಿ ಧಾರವಾಡಕ್ಕೆ ಕೊಟ್ಟದ್ದು ನಾಲ್ಕೇ ದಿನ. ಉಳಿದದ್ದೆಲ್ಲ ಪುಣೆಯಲ್ಲಿ, ತಮ್ಮನ ಕೋಥ್ರೂಡ್ ಮನೆಯಲ್ಲೇ ಹೋಯಿತು. ಕಾರಣ ಒಂದೇ. ಅವನು ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಲು ಹೊರಟಿದ್ದಾನೆ, ಬರುವ ಮಾರ್ಚ್‌ಗೆ ಅವನಿಗೆ 40 ತುಂಬುತ್ತದೆ. ಇಲ್ಲಿನ ವೀಸಾಕ್ಕೆ ಪಾಯಿಂಟು ಕೂಡಿಸಿ ಜನರನ್ನು ಆರಿಸುತ್ತಾರೆ, ಆ ಲೆಕ್ಕದಲ್ಲಿ 33ರಿಂದ 39ರವರೆಗೆ ವಯಸ್ಸಿಗೆ 25 ಪಾಯಿಂಟು. 40 ಆದ ದಿನದಿಂದ 15. ಒಂದೇ ರಾತ್ರಿಯಲ್ಲಿ 10 ಪಾಯಿಂಟು ಹೋಗುತ್ತದೆ. ಅರ್ಜಿ ಹಾಕಿದ ದಿನದ ವಯಸ್ಸು ಇಲ್ಲಿ ಲೆಕ್ಕಕ್ಕಿಲ್ಲ. ವೀಸಾಕ್ಕೆ ಅರ್ಜಿ ಹಾಕಿ ಅಂತ ಇಲ್ಲಿನ ಸರ್ಕಾರದಿಂದ ಆಹ್ವಾನ ಬಂದ ದಿನ ಎಷ್ಟು ವಯಸ್ಸೋ ಅದನ್ನೇ ಹಿಡಿಯುತ್ತಾರೆ. ಹಾಗಾಗಿ ಒಂದೊಂದು ತಿಂಗಳೂ ದುಬಾರಿ.

ಅವನು ನಿನಗೆ ಪೂರ್ತಿ ಹೇಳಿಲ್ಲ ಅನಿಸುತ್ತದೆ. ಅವನು ಹಾಕುತ್ತಿರುವುದು 491 ಎಂಬ ವೀಸಾ. ಅಡಿಲೇಡ್‌ನಂಥ ಊರಲ್ಲಿ ಕಾಯಂ ಆಗಿ ಇರುವ ಅಕ್ಕ, ತಂಗಿ, ಅಣ್ಣ, ತಮ್ಮ ಯಾರಾದರೂ ಸ್ಪಾನ್ಸರ್ ಮಾಡಿದರೆ 15 ಪಾಯಿಂಟು ಸಿಗುತ್ತದೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ನಲ್ಲಿ ಇರುವವರಿಗೆ ಈ ಸೌಲಭ್ಯ ಇಲ್ಲ. ನಾವು ಇಲ್ಲಿಗೆ ಬಂದಾಗ ಎಲ್ಲರೂ "ಅಡಿಲೇಡ್ ಯಾಕೆ, ಸಣ್ಣ ಊರು" ಅಂದಿದ್ದರು. ಈಗ ಅದೇ ಊರು ತಮ್ಮನ ಕೆಲಸಕ್ಕೆ ಬಂತು. ಅವನ ಲೆಕ್ಕ ಹೀಗಿದೆ: ವಯಸ್ಸಿಗೆ 25, ಡಿಗ್ರಿಗೆ 15, ಎಂಟು ವರ್ಷಕ್ಕೂ ಜಾಸ್ತಿ ಅನುಭವಕ್ಕೆ 15, ಇಂಗ್ಲಿಷಿಗೆ 10, ನನ್ನ ಸ್ಪಾನ್ಸರ್‌ಗೆ 15. ಅಲ್ಲಿಗೆ 80. ಕನಿಷ್ಠ 65 ಸಾಕು ಅಂತ ನಿಯಮ ಹೇಳುತ್ತದೆ, ಆದರೆ ಜಾಸ್ತಿ ಪಾಯಿಂಟು ಇದ್ದವರನ್ನೇ ಮೊದಲು ಕರೆಯುತ್ತಾರೆ. 65 ಇಟ್ಟುಕೊಂಡು ಕೂತವರು ಕೂತೇ ಇರುತ್ತಾರೆ. ಹಾಗಾಗಿ ಇನ್ನೂ 10 ಬೇಕಿತ್ತು.

ಅದರಲ್ಲಿ 5 ತಂದವಳು ಅವನ ಹೆಂಡತಿ. ಸೋಲಾಪುರದಲ್ಲಿ ಹತ್ತನೇ ಕ್ಲಾಸಿನವರೆಗೂ ಮರಾಠಿ ಮಾಧ್ಯಮದಲ್ಲಿ ಓದಿದ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಅಂದರೆ ಹೆದರಿಕೆ. ಆ 5 ಸಿಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ ಅವಳಿಗೆ 6 ಬರಬೇಕು. ಮೊದಲ ಸಲ ಬರವಣಿಗೆಯಲ್ಲಿ ಐದೂವರೆ ಬಂತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಮಕ್ಕಳ ಡಬ್ಬಿ ಕಟ್ಟುವ ಮೊದಲು ಒಂದು ಪ್ರಬಂಧ ಬರೆಯುತ್ತಿದ್ದಳಂತೆ. ಎರಡನೇ ಸಲ ಆಯಿತು. ಮುಂದಿನ ಸಲ ಅವಳ ಜೊತೆ ಮಾತಾಡುವಾಗ ವೈನಿ ಒಂದು ಒಳ್ಳೆಯ ಮಾತು ಹೇಳಲಿ. ಅವಳಿಗೆ ಅದು ಬಹಳ ಮುಖ್ಯ.

ಇನ್ನೊಂದು 5 ಬಂದದ್ದು ನಮ್ಮ ಕನ್ನಡದಿಂದ. ನಿನ್ನೆ ರಾತ್ರಿ ಫಲಿತಾಂಶ ಬಂತು. ಸಿಸಿಎಲ್ ಅಂತ ಒಂದು ಪರೀಕ್ಷೆ ಇದೆ. ಇಲ್ಲಿ ಅನುವಾದಕರಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯೇ ನಡೆಸುತ್ತದೆ. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಮಾತಾಡುತ್ತಾರೆ, ನಡುವೆ ನೀನು ಕೂತು ಇಬ್ಬರಿಗೂ ತಿಳಿಸಿ ಹೇಳಬೇಕು. ಎರಡು ಸಂಭಾಷಣೆ, ಒಂದೊಂದು ಸುಮಾರು 300 ಪದ. 90ಕ್ಕೆ 63 ಬಂದರೆ ಪಾಸು, ಒಂದೊಂದರಲ್ಲೂ 45ಕ್ಕೆ 29 ಬರಲೇಬೇಕು. ಮರಾಠಿಯೂ ಆ ಪಟ್ಟಿಯಲ್ಲಿ ಇದೆ. ಹದಿನಾರು ವರ್ಷ ಭೋಸರಿ, ಚಾಕಣ್ ಕಾರ್ಖಾನೆಗಳಲ್ಲಿ ಮರಾಠಿ ಮಾತಾಡಿದವನು, ಅದನ್ನೇ ತಗೋ ಅಂತ ಹೆಂಡತಿ ಹೇಳಿದಳು. ಅವನು ಒಪ್ಪಲಿಲ್ಲ.

ಪರೀಕ್ಷೆಗೆ ಮೊದಲು ಹನ್ನೆರಡು ರಾತ್ರಿ ಬಾಲ್ಕನಿಯಲ್ಲಿ ಕೂತು ಅಭ್ಯಾಸ ಮಾಡಿದೆವು. ನಾನು ಡಾಕ್ಟರು, ಅವನ ಹೆಂಡತಿ ರೋಗಿ. ಇಲ್ಲವೇ ನಾನು ಬ್ಯಾಂಕಿನವಳು, ಅವಳು ಸಾಲ ಕೇಳುವವಳು. ಮೊದಮೊದಲು ಅವನ ಬಾಯಲ್ಲಿ ಬಾಡಿಗೆಗೆ "ಭಾಡೆ" ಬರುತ್ತಿತ್ತು, ಬಡ್ಡಿಗೆ "ವ್ಯಾಜ್". ತಾನು ಮರಾಠಿ ಹೇಳುತ್ತಿದ್ದೇನೆ ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲ. ಗಣೇಶನಗರದಲ್ಲಿ ಕನ್ನಡ ಸಂಘ ನಡೆಸುವ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಟೀಚರ್ ಒಬ್ಬರು ಅವರ ಬಿಲ್ಡಿಂಗಿನಲ್ಲೇ ಇದ್ದಾರೆ. ಅವರು ವಾರಕ್ಕೆ ಮೂರು ದಿನ ಬಂದು ಕೂತರು. ವಿಮೆ, ಜಾಮೀನು, ಪರಿಹಾರ, ಹಿಡುವಳಿ ಅಂತ ಒಂದು ನೋಟ್‌ಬುಕ್ ತುಂಬ ಬರೆಸಿದರು. ಒಂದು ಪೈಸೆ ಮುಟ್ಟಲಿಲ್ಲ. ಅವನಿಗೆ 71 ಬಂತು ಅಂತ ಹೇಳಿದಾಗ ಫೋನಿನಲ್ಲೇ ಅತ್ತರು.

ಇನ್ನು ತಮ್ಮ ಪುಣೆಯಲ್ಲಿ ಹಿಡಿದಿದ್ದ ವೀಸಾ ಏಜೆಂಟನ ವಿಷಯ. ಅದನ್ನೂ ನೀನು ತಿಳಿದಿರಬೇಕು, ಯಾಕೆಂದರೆ ದುಡ್ಡು ನೀನೂ ಕೊಟ್ಟಿದ್ದೀ. ಎಂಜಿನಿಯರುಗಳ ವಿದ್ಯೆ, ಅನುಭವವನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ ಎಂಬ ಸಂಸ್ಥೆ ಪರಿಶೀಲಿಸುತ್ತದೆ. ತಮ್ಮನಂತೆ ಹಿಂದೆ ಡಿಗ್ರಿ ಮಾಡಿದವರು ತಾವು ಮಾಡಿದ ಕೆಲಸದ ಬಗ್ಗೆ ಮೂರು ಬರಹ ಕೊಡಬೇಕು, ಒಂದೊಂದು 1,000ದಿಂದ 2,500 ಪದ. ತಾವೇ ಬರೆಯಬೇಕು. ಆ ಏಜೆಂಟ್ ಒಂದೂವರೆ ಲಕ್ಷ ತೆಗೆದುಕೊಂಡು ಮೂರನ್ನೂ ತಾನೇ ಬರೆಸಿ ಕೊಟ್ಟಿದ್ದ. ನಾನು ಹೋದ ಮರುದಿನ ಓದಲು ಕೂತೆ. ಎರಡನೆಯದರಲ್ಲಿ ತಮ್ಮ ಯಾವುದೋ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕೂರಿಸಿದ್ದಾನೆ! ಅವನು ಜೀವನದಲ್ಲಿ ಗೇರ್‌ಬಾಕ್ಸ್ ಬಿಟ್ಟು ಬೇರೆ ಏನೂ ಮುಟ್ಟಿಲ್ಲ. ಇನ್ಯಾರದೋ ಬರಹಕ್ಕೆ ಇವನ ಹೆಸರು ಅಂಟಿಸಿದ್ದಾರೆ, ಅಷ್ಟೇ. ಅದನ್ನು ಕಳಿಸಿದ್ದರೆ ತಿರಸ್ಕಾರ ಖಂಡಿತ. ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ ಸಿಕ್ಕಿಬಿದ್ದರೆ 3 ವರ್ಷ ಬಾಗಿಲು ಮುಚ್ಚುತ್ತದೆ. ಮೂರು ವರ್ಷದ ನಂತರ ಅವನಿಗೆ 42. ಆಗ ಯಾರು ಕರೆಯುತ್ತಾರೆ?

ನಾನು ಆ ಆಫೀಸಿಗೆ ಹೋಗಿ ಕೇಳಿದೆ. ಎದುರಿಗೆ ಕೂತವನು ನಗುತ್ತಲೇ "ಎಲ್ಲರೂ ಹೀಗೇ ಮಾಡುತ್ತಾರೆ ಮೇಡಂ" ಅಂದ. ಆಸ್ಟ್ರೇಲಿಯಾದಲ್ಲಿ ಕೂತು ವೀಸಾ ಸಲಹೆ ಕೊಡುವ ಏಜೆಂಟರಿಗೆ 7 ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ, ಯಾರು ಬೇಕಾದರೂ ಪಟ್ಟಿಯಲ್ಲಿ ನೋಡಬಹುದು. ಪುಣೆಯಲ್ಲಿ ಕೂತವನಿಗೆ ಅದು ಕಡ್ಡಾಯ ಇಲ್ಲ. ನಿನ್ನ ಗೆಳೆಯರ ಮಕ್ಕಳು ಯಾರಾದರೂ ಹೊರಟಿದ್ದರೆ ಮೊದಲು ಆ ಸಂಖ್ಯೆ ಕೇಳು ಅಂತ ಹೇಳು. ದುಡ್ಡು ವಾಪಸ್ ಬರಲಿಲ್ಲ. ತಮ್ಮ ಮೂರನ್ನೂ ಮೊದಲಿನಿಂದ ತಾನೇ ಬರೆದ. ಚೆನ್ನಾಗಿ ಬರೆದಿದ್ದಾನೆ, ಅಣ್ಣ. ಮೊದಲ ಕೆಲಸದಲ್ಲಿ ರಾತ್ರಿ ಪಾಳಿಯಲ್ಲಿ ಒಂದು ಯಂತ್ರದ ಅಲುಗಾಟ ಹೇಗೆ ಕಂಡುಹಿಡಿದ ಅಂತ ಓದಿದಾಗ ನನಗೆ ಅಪ್ಪನ ನೆನಪಾಯಿತು.

ಆ ಹಳೆಯ ಕಂಪನಿಯ ಅನುಭವ ಪತ್ರಕ್ಕೆ ಐದು ಸಲ ಅಲೆದೆವು. ಲೆಟರ್‌ಹೆಡ್ ಮೇಲೆ ಹುದ್ದೆ, ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ, ಎಷ್ಟು ಪಗಾರ ಅಂತ ಎಲ್ಲ ಇರಬೇಕು. ಅವರು ರಿಲೀವಿಂಗ್ ಲೆಟರ್ ಬಿಟ್ಟು ಬೇರೆ ಕೊಡುವುದಿಲ್ಲ ಅಂದರು. ಕೊನೆಗೆ ಆಗಿನ ಸೂಪರ್‌ವೈಸರ್, ನಿಗಡಿಯಲ್ಲಿ ಇರುವ ಬೆಳಗಾವಿಯವರು, ಮಳೆಯಲ್ಲೇ ಸ್ಕೂಟರ್ ಮೇಲೆ ಬಂದು ನಮ್ಮ ಜೊತೆ ಒಳಗೆ ಕೂತರು. ಅವತ್ತೇ ಪತ್ರ ಸಿಕ್ಕಿತು.

ಈಗ ಅವ್ವನ ವಿಷಯ. ಇಷ್ಟೆಲ್ಲ ಬರೆದದ್ದು ಇದಕ್ಕಾಗಿ.

ನೀನು ಆರು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದೀ: "ಅವ್ವನನ್ನು ಯಾವಾಗ ಕರಕೊಂಡು ಹೋಗ್ತೀ?" ನಾನು "ನೋಡೋಣ, ನಿಯಮ ಬದಲಾಗ್ತಾ ಇದೆ" ಅನ್ನುತ್ತಾ ಬಂದೆ. ಅದು ತಪ್ಪು. ನನಗೆ ಗೊತ್ತಿದ್ದದ್ದನ್ನು ಆಗಲೇ ಹೇಳಬೇಕಿತ್ತು. ತಂದೆತಾಯಿಗೆ ಕಾಯಂ ವೀಸಾ ಬೇಕಾದರೆ ಇಲ್ಲಿ ಒಂದು ಲೆಕ್ಕ ಹಾಕುತ್ತಾರೆ. ಮಕ್ಕಳಲ್ಲಿ ಅರ್ಧದಷ್ಟಾದರೂ ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಇಲ್ಲಿ ಜಾಸ್ತಿ ಮಕ್ಕಳಿರಬೇಕು. ನಾವು ಮೂವರು. ಇಲ್ಲಿ ನಾನೊಬ್ಬಳು, ಭಾರತದಲ್ಲಿ ನೀವಿಬ್ಬರು. ಅಲ್ಲಿಗೇ ಮುಗಿಯಿತು.

ತಮ್ಮ ಬಂದರೆ ಇಬ್ಬರಾಗುತ್ತೇವಲ್ಲ ಅಂತ ನೀನು ಕೇಳುತ್ತೀ. 491 ಅನ್ನುವುದು 5 ವರ್ಷದ ತಾತ್ಕಾಲಿಕ ವೀಸಾ. ಅದರ ಮೇಲೆ 3 ವರ್ಷ ಇದ್ದು, ತೆರಿಗೆ ಕಟ್ಟಿದ ಕಾಗದ ತೋರಿಸಿ, 191 ಎಂಬ ಕಾಯಂ ವೀಸಾ ಪಡೆದ ಮೇಲೆಯೇ ಅವನು ಈ ಲೆಕ್ಕಕ್ಕೆ ಬರುತ್ತಾನೆ. ಆಗ ಅವ್ವನ ಅರ್ಜಿ ಹಾಕಿದರೆ ಕಡಿಮೆ ಖರ್ಚಿನ ಸಾಲಿನಲ್ಲಿ ಸುಮಾರು 30 ವರ್ಷ ಕಾಯಬೇಕು. ಜಾಸ್ತಿ ದುಡ್ಡಿನ ಸಾಲಿಗೆ 40,000 ಡಾಲರಿಗೂ ಮೇಲೆ ಬೇಕು, ಅಲ್ಲೂ ಹತ್ತು ವರ್ಷ ದಾಟುತ್ತದೆ. ಅವ್ವನಿಗೆ ಈಗ 71. ನೀನೇ ಕೂಡಿಸಿ ನೋಡು.

ಇದನ್ನೆಲ್ಲ ನೀನು ವಂದೇ ಭಾರತ್‌ನಲ್ಲಿ ಅವ್ವನನ್ನು ಪುಣೆಗೆ ಕಳಿಸಿದ್ದಾಗ ಅವಳಿಗೇ ಹೇಳಿದೆ. ಅವಳು ಹೂಬತ್ತಿ ಮಾಡುತ್ತಾ ಕೂತಿದ್ದಳು. ಕೈ ನಿಲ್ಲಿಸಲಿಲ್ಲ. "ಮಕ್ಕಳನ್ನ ತಕ್ಕಡ್ಯಾಗ ಹಾಕಿ ತೂಗತಾರೇನು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಕಡೆ ಇಬ್ಬರಾದರ ಈ ಕಡೆ ಒಬ್ಬಾವ ಉಳೀತಾನಲ್ಲ, ಅವನ ಲೆಕ್ಕ ಯಾರು ಇಡತಾರ?" ಅಂದಳು. ನನಗೆ ಉತ್ತರ ಕೊಡಲು ಆಗಲಿಲ್ಲ. ತಮ್ಮ ಎದ್ದು ಒಳಗೆ ಹೋದ.

ಅಣ್ಣ, ಮಾಳಮಡ್ಡಿ ಮನೆಯ ಮಾಡು ನೀನು ಮೂರು ವರ್ಷದಿಂದ ರಿಪೇರಿ ಮಾಡಿಸಿಲ್ಲ. ಅವ್ವ ಹೇಗೂ ಆಸ್ಟ್ರೇಲಿಯಾಕ್ಕೆ ಹೋಗುತ್ತಾಳೆ, ಆಮೇಲೆ ಮನೆ ಮಾರೋಣ ಅಂತ ನೀನು ಕಾಯುತ್ತಿದ್ದದ್ದು ಅಂತ ವೈನಿ ಹೇಳಿದರು. ನಾನು ಕೊಟ್ಟ ಸುಳ್ಳು ಆಸೆ ನಿಮ್ಮ ಮನೆ ಸೋರುವವರೆಗೆ ಬಂದಿದೆ ಅಂತ ನನಗೆ ಗೊತ್ತಿರಲಿಲ್ಲ. ದಯವಿಟ್ಟು ಇನ್ನು ಕಾಯಬೇಡ. ಮಳೆ ಕಡಿಮೆ ಆದ ಕೂಡಲೇ ಮಾಡು ಮಾಡಿಸು. ಅರ್ಧ ಖರ್ಚು ನನ್ನದು, ಈ ತಿಂಗಳೇ ಹಾಕುತ್ತೇನೆ. ಅವ್ವನ ಔಷಧಿಯ ದುಡ್ಡೂ ಇನ್ನು ಮೇಲೆ ನನ್ನದು. ಇದರಲ್ಲಿ "ಇರಲಿ ಬಿಡು" ಅನ್ನಬೇಡ.

ಅವ್ವ ಇಲ್ಲಿಗೆ ಬರಲೇ ಆಗುವುದಿಲ್ಲ ಅಂತಲ್ಲ. 870 ಅಂತ ಒಂದು ತಾತ್ಕಾಲಿಕ ವೀಸಾ ಇದೆ, 3 ವರ್ಷಕ್ಕೆ ಇಲ್ಲವೇ 5 ವರ್ಷಕ್ಕೆ. ಅದಕ್ಕೆ ಮಕ್ಕಳ ಲೆಕ್ಕ ಕೇಳುವುದಿಲ್ಲ. ನನ್ನ ಆದಾಯ ತೋರಿಸಿ ಮೊದಲು ನಾನು ಸ್ಪಾನ್ಸರ್ ಅಂತ ಒಪ್ಪಿಗೆ ಪಡೆಯಬೇಕು, ಅವಳಿಗೆ ಖಾಸಗಿ ಆರೋಗ್ಯ ವಿಮೆ ಮಾಡಿಸಬೇಕು. ಅವಳು ಒಪ್ಪಿದರೆ ಮಾಡಿಸುತ್ತೇನೆ. ಒಪ್ಪದಿದ್ದರೆ ವರ್ಷಕ್ಕೊಮ್ಮೆ ನಾನೇ ಬರುತ್ತೇನೆ, ಅದೂ ಸೀದಾ ಧಾರವಾಡಕ್ಕೆ. ಅವಳನ್ನು ನೀನೇ ಕೇಳು. ನಾನು ಕೇಳಿದರೆ ನನ್ನ ಮನಸ್ಸು ನೋಯಬಾರದು ಅಂತ ಹೂಂ ಅಂದುಬಿಡುತ್ತಾಳೆ.

ಇನ್ನು ನಿನ್ನಿಂದ ಒಂದು ಕೆಲಸ ಆಗಬೇಕು. ನಾನು ತಮ್ಮನ ಒಡಹುಟ್ಟಿದವಳು ಅಂತ ಕಾಗದದಲ್ಲಿ ತೋರಿಸಬೇಕು. ನನ್ನ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ "ರಾವ್" ಇದೆ, ಅವನದರಲ್ಲಿ ಇಲ್ಲ. ಪಾಲಿಕೆಯಲ್ಲಿ ಅವನ ಪ್ರಮಾಣಪತ್ರದ ಹೊಸ ಪ್ರತಿ ತೆಗೆಸು. ತಿದ್ದುಪಡಿಗೆ ಏನೇನು ಬೇಕು ಅಂತಲೂ ಕೇಳು. ಕನ್ನಡದಲ್ಲಿದ್ದರೆ ಅನುವಾದ ಪುಣೆಯಲ್ಲೇ ಮಾಡಿಸುತ್ತಾರೆ, ಅದರ ಚಿಂತೆ ಬೇಡ. ನಮ್ಮಿಬ್ಬರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ಬೇಕು. ದೇವರ ಕೋಣೆಯ ಪಕ್ಕದ ಟ್ರಂಕಿನಲ್ಲಿ ಅಪ್ಪನ ಹಳೆಯ ರೇಷನ್ ಕಾರ್ಡ್ ಇರಬೇಕು, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅದರಲ್ಲಿ ಅಪ್ಪ, ಅವ್ವ, ನೀನು, ನಾನು, ತಮ್ಮ, ಐದೂ ಹೆಸರು ಸಾಲಾಗಿ ಇವೆ. ಮಡಿಕೆ ಹರಿದಿದೆ, ಜೋಪಾನವಾಗಿ ಬಿಡಿಸು. ಅಂಟು ಹಚ್ಚಬೇಡ. ಎರಡೂ ಬದಿ ಸ್ಕ್ಯಾನ್ ಮಾಡಿಸಿ ಕಳಿಸು, ಮೂಲವನ್ನು ನಿನ್ನ ಹತ್ತಿರವೇ ಇಟ್ಟುಕೋ.

ವೈನಿಗೆ ನನ್ನ ನಮಸ್ಕಾರ ಹೇಳು. ಅವರು ಕಟ್ಟಿಕೊಟ್ಟ ಶೇಂಗಾ ಚಟ್ನಿ ಇಲ್ಲಿಯವರೆಗೂ ಬಂತು.

ನಿನ್ನ ತಂಗಿ