ಪ್ಯಾಚ್ ಕಳಿಸೋರು ಸಿಗ್ತಾರೆ, ಓದೋರು ಬೇಕು

ಮಾನ್ಯ ಸಂಪಾದಕರೆ,

ಓಪನ್ ಸೋರ್ಸ್‌ನಲ್ಲಿ, ಅಂದ್ರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಸಾಫ್ಟ್‌ವೇರ್‌ನಲ್ಲಿ, ನಾಲ್ಕು ಪ್ಯಾಚ್ (ತಿದ್ದುಪಡಿ) ಕಳಿಸಿದವರಿಗೆ ಕೆಲಸ ಬೇಗ ಸಿಗುತ್ತದೆ ಎಂದು ನಿಮ್ಮ ಶಿಕ್ಷಣ ಪುಟದಲ್ಲಿ ಬಂದಿದ್ದ ಬರಹವನ್ನು ನಮ್ಮಕ್ಕ ಫೋಟೋ ತೆಗೆದು ಮಗನಿಗೆ ವಾಟ್ಸಾಪ್ ಮಾಡಿದಳು. ಅವನು ಇಂಜಿನಿಯರಿಂಗ್ ಕೊನೇ ವರ್ಷ. ಮರುದಿನವೇ ನನಗೆ ಫೋನು. "ಮಾವ, ಲಿನಕ್ಸ್ ಕರ್ನಲ್‌ಗೆ ನಂದೂ ಒಂದು ಪ್ಯಾಚ್ ಹೋಗೋ ಹಾಗೆ ಮಾಡಿ, ಚಿಕ್ಕದಾದ್ರೂ ಪರವಾಗಿಲ್ಲ, ರೆಸ್ಯೂಮೆಗೆ ಬೇಕು." (ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕರ್ನಲ್.) ಏನು ಸರಿಮಾಡ್ತೀಯ ಅಂತ ಕೇಳಿದರೆ, ಕೋಡ್ ಪಕ್ಕ ವಿವರಣೆಗೆ ಬರೆದ ಯಾವುದೋ ಕಾಮೆಂಟ್‌ನಲ್ಲಿ ಒಂದು ಸ್ಪೆಲಿಂಗ್ ತಪ್ಪು ಹುಡುಕಿ ಇಟ್ಟುಕೊಂಡಿದ್ದ. ಅವನ ಕ್ಲಾಸಿನ ಇನ್ನೂ ಆರು ಜನ ಒಂದೊಂದು ಹುಡುಕಿಟ್ಟುಕೊಂಡಿದ್ದಾರಂತೆ.

ನಿಮ್ಮ ಬರಹ ಸುಳ್ಳೇನಲ್ಲ. ಅರ್ಧ ಹೇಳಿ ನಿಲ್ಲಿಸಿದೆ, ಅಷ್ಟೇ. ಕಳಿಸೋರ ಕಥೆ ಬಂತು, ಅದನ್ನು ಕೂತು ಓದೋರ ಕಥೆ ಬರಲಿಲ್ಲ.

ಪ್ಯಾಚ್ ಅಂದ್ರೆ ಯಾವ ಸಾಲು ತೆಗೆದೆ, ಯಾವ ಸಾಲು ಸೇರಿಸಿದೆ ಅಂತ ಪ್ಲಸ್ಸು ಮೈನಸ್ಸು ಹಾಕಿ ತೋರಿಸುವ ಚೀಟಿ. ಲಿನಕ್ಸ್ ಕರ್ನಲ್‌ಗೆ ಅದು ಇವತ್ತಿಗೂ ಹೋಗೋದು ಸಾದಾ ಇ-ಮೇಲ್‌ನಲ್ಲಿ. ಅಟ್ಯಾಚ್‌ಮೆಂಟ್ ಇಲ್ಲ, ಬಣ್ಣ ಇಲ್ಲ. ಹಳೇ ಕಾಲದ್ದು ಅಂತ ನಗಬೇಡಿ, ಓದುವವರು ನಿಮ್ಮ ಒಂದೊಂದು ಸಾಲಿನ ಕೆಳಗೇ ಪ್ರಶ್ನೆ ಬರೆದು ವಾಪಸ್ ಕಳಿಸೋಕೆ ಇದರಷ್ಟು ಸಲೀಸು ಬೇರೆ ಇಲ್ಲ. ಯಾವ ಭಾಗಕ್ಕೆ ಯಾರು ಯಜಮಾನರು ಅನ್ನೋದಕ್ಕೆ ಮೇಂಟೇನರ್ಸ್ ಎಂಬ ಫೈಲೇ ಇದೆ. 9-10 ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ. ಮೊದಲ 2 ವಾರ ಹೊಸ ಸರಕು ಒಳಗೆ ತಗೊಳ್ಳುತ್ತಾರೆ, ಆಮೇಲೆಲ್ಲ ರಿಪೇರಿ, ಭಾನುವಾರಕ್ಕೊಂದು ಆರ್‌ಸಿ, ಅಂದ್ರೆ ಪರೀಕ್ಷೆಗೆ ಬಿಡುವ ಆವೃತ್ತಿ. ಒಂದು ಕರ್ನಲ್‌ಗೆ 10 ಸಾವಿರಕ್ಕಿಂತ ಜಾಸ್ತಿ ಬದಲಾವಣೆ ಸೇರುತ್ತವೆ. ಇಷ್ಟನ್ನೂ ಯಾರೋ ಓದಬೇಕು, ಅಲ್ವಾ?

ನನ್ನ ಮೊದಲ ಪ್ಯಾಚ್ ನನ್ನ ಮಾನ ಕಳೆಯಿತು. ಆಗ ನಾನಿದ್ದ ಕಂಪನಿಯ ಮೇಲ್ ಸರ್ವರ್ ನನ್ನ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ (ಹಾಗಾದರೆ ಪ್ಯಾಚ್ ಕೋಡ್‌ನಲ್ಲಿ ಕೂರುವುದೇ ಇಲ್ಲ), ಕೆಳಗೆ "ಈ ಮೇಲ್ ಗೌಪ್ಯ, ಬೇರೆಯವರು ಓದಬಾರದು" ಅಂತ ಎಂಟು ಸಾಲಿನ ಎಚ್ಚರಿಕೆ ಬೇರೆ ಅಂಟಿಸಿತ್ತು. ಜಗತ್ತೇ ಓದಲಿ ಅಂತ ಕಳಿಸಿದ್ದಕ್ಕೆ ಗೌಪ್ಯದ ಮೊಹರು! ಅದನ್ನು ಯಾರೂ ಮುಟ್ಟಲಿಲ್ಲ.

ಎರಡನೆಯದು ಒಂದು ಸೆನ್ಸರ್ ಡ್ರೈವರ್‌ಗೆ, ಅಂದ್ರೆ ಆ ಸೆನ್ಸರನ್ನು ನಡೆಸುವ ಕೋಡ್‌ಗೆ. ಆ ಡ್ರೈವರ್ ಶುರುವಿನಲ್ಲಿ ಮೆಮೊರಿ ಕೇಳುತ್ತದೆ, ಆಮೇಲೆ ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಗಂಟೆ) ಕೇಳುತ್ತದೆ. ಇಂಟರಪ್ಟ್ ಸಿಗಲಿಲ್ಲ ಅಂದ್ರೆ ಸೀದಾ ರಿಟರ್ನ್, ಅಲ್ಲಿಂದಲೇ ವಾಪಸ್. ಮೊದಲು ತಗೊಂಡ ಮೆಮೊರಿ ಬಿಟ್ಟುಕೊಡೋದು ಮರೆತಿದ್ದಾರೆ. ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿ ಬಸ್ಸೇ ಹತ್ತದೆ ಹೋದ ಹಾಗೆ, ಸೀಟು ಯಾರಿಗೂ ಇಲ್ಲ. ನಾನು ಅಲ್ಲಿ ಒಂದೇ ಒಂದು ಸಾಲು, ಮೆಮೊರಿ ಬಿಟ್ಟುಕೊಡುವ ಕೆಫ್ರೀ, ಸೇರಿಸಿ ಕಳಿಸಿದೆ. ಹತ್ತು ದಿನ ಸದ್ದಿಲ್ಲ. ಹನ್ನೊಂದನೇ ದಿನ ಮೇಂಟೇನರ್, ಅಂದ್ರೆ ಆ ಭಾಗದ ಯಜಮಾನರ, ಉತ್ತರ ಬಂತು. ಈ ತಪ್ಪು ಯಾವ ಕಮಿಟ್‌ನಿಂದ (ಹಿಂದೆ ಸೇರಿಸಿದ ಯಾವ ಬದಲಾವಣೆಯಿಂದ) ಬಂತು, ಫಿಕ್ಸಸ್ ಅಂತ ಸಾಲು ಹಾಕಿ ಅದರ ಐಡಿಯ ಮೊದಲ 12 ಅಕ್ಷರ ಬರೆಯಿರಿ, ಹಳೇ ವರ್ಷನ್ ನೋಡಿಕೊಳ್ಳುವವರಿಗೆ ಬೇಕಾಗುತ್ತದೆ. ನಿಜವಾದ ಬೋರ್ಡ್ ಮೇಲೆ ಓಡಿಸಿದ್ದೀರಾ, ಇಲ್ಲ ಓದಿ ಬರೆದದ್ದಾ? ಮೂರನೆಯದೇ ನನ್ನನ್ನು ಕೆಡವಿದ್ದು. ನಾನು ಮುಟ್ಟಿದ ಸಾಲಿನಿಂದ ಹದಿನೈದು ಸಾಲು ಕೆಳಗೆ ಇನ್ನೊಂದು ರಿಟರ್ನ್ ಇತ್ತು. ಅಲ್ಲಿ ಸೋತರೆ ಮೆಮೊರಿ ಜೊತೆಗೆ ಇಂಟರಪ್ಟೂ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಯಾಕೆ ಬಿಟ್ಟಿರಿ?

ಆ ಮನುಷ್ಯ ನನ್ನ ಒಂದು ಸಾಲನ್ನಲ್ಲ, ಇಡೀ ಫಂಕ್ಷನ್ ಓದಿದ್ದರು. ನಾನು ಓದಿರಲಿಲ್ಲ.

ಕೊನೆಗೆ ಎಲ್ಲ ಸೋಲಿನ ದಾರಿಯನ್ನೂ ಕೆಳಗೆ ಒಂದೇ ಕಡೆ ಸೇರಿಸಿ, ಅಲ್ಲಿಗೆ ಸೀದಾ ಹಾರಿಸುವ ಗೋಟೂ ಹಾಕಿ ಸರಿಮಾಡಿದೆ. (ಕಾಲೇಜಿನಲ್ಲಿ ಗೋಟೂ ಬರೆದರೆ ಮಾರ್ಕ್ಸ್ ಕಟ್ ಮಾಡುತ್ತಿದ್ದರು. ಕರ್ನಲ್‌ನ ಕೋಡಿಂಗ್ ನಿಯಮದಲ್ಲಿ ಇಂಥ ಕಡೆ ಗೋಟೂನೇ ಬಳಸಿ ಅಂತ ಬರೆದಿದೆ. ಯಾರ ಹತ್ತಿರ ಹೇಳೋಣ!) ನಾಲ್ಕನೇ ಸಲಕ್ಕೆ ಮರ್ಜ್ ಆಯ್ತು, ಕರ್ನಲ್‌ಗೆ ಸೇರಿತು.

ಅಕ್ಕನ ಮಗನಿಗೆ ಇನ್ನೊಂದು ಭಯ, ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಬೈತಾರಂತೆ ಅಂತ. ಬೈಯುತ್ತಿದ್ದರು, ನಿಜ. 2018ರಲ್ಲಿ ಅವರೇ ಕ್ಷಮೆ ಕೇಳಿ ಸ್ವಲ್ಪ ದಿನ ದೂರ ಕೂತಿದ್ದರು, ನಡವಳಿಕೆಯ ನಿಯಮವೂ ಆಗಲೇ ಬಂತು. ಅಲ್ಲದೆ ಹೊಸಬರ ಪ್ಯಾಚ್ ನೇರ ಅವರ ಹತ್ತಿರ ಹೋಗುವುದೂ ಇಲ್ಲ. ನನ್ನನ್ನು ಕೇಳಿದರೆ ಬೈಗುಳಕ್ಕಿಂತ ಮೌನಕ್ಕೆ ಹೆದರಬೇಕು. ಓದುವವರು ಕಡಿಮೆ, ಬರುವ ಮೇಲ್ ಜಾಸ್ತಿ, ಒಳ್ಳೆಯ ಪ್ಯಾಚೂ ಎಷ್ಟೋ ಸಲ ಕಾದು ಕೂರುತ್ತದೆ.

ಓದುವವರು ನಂಬಿಕೆ ಮೇಲೆ ಓದುತ್ತಾರೆ ಅನ್ನೋದೂ ಗೊತ್ತಿರಲಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ, ರಿವ್ಯೂ ಮಾಡುವವರು ಹಿಡಿಯುತ್ತಾರೋ ಇಲ್ಲವೋ ನೋಡೋಣ ಅಂತ, ಬೇಕಂತಲೇ ತಪ್ಪು ಇಟ್ಟು ಕೆಲವು ಪ್ಯಾಚ್ ಕಳಿಸಿದ್ದರು. 2021ರ ಏಪ್ರಿಲ್‌ನಲ್ಲಿ ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಪ್ಯಾಚ್ ಇನ್ನು ತಗೊಳ್ಳೋಲ್ಲ ಅಂದರು. ಅಲ್ಲಿಂದ ಹಿಂದೆ ಬಂದು ಸೇರಿದ್ದನ್ನೆಲ್ಲ ಮತ್ತೆ ಕೂತು ಓದಬೇಕಾಯ್ತು. ಓದಿದ್ದು ಮತ್ತೆ ಅದೇ ಓದುವ ಜನ.

ಸ್ಪೆಲಿಂಗ್ ಪ್ಯಾಚ್ ಕಳಿಸಲೇಬಾರದು ಅಂತ ನಾನು ಹೇಳುವುದಿಲ್ಲ. ದಾರಿ ಕಲಿಯೋಕೆ ಒಂದು ಕಳಿಸಲಿ. ಅದನ್ನೇ ಏಳು ಹುಡುಗರು ಏಳು ಸಲ ಕಳಿಸಿದರೆ ಏಳು ಸಲ ಒಬ್ಬರ ಟೈಮ್ ಹೋಗುತ್ತದೆ. ನಮ್ಮ ಕಾಲೇಜುಗಳು ಎಷ್ಟು ಪ್ಯಾಚ್ ಕಳಿಸಿದೆ ಅಂತ ಕೇಳೋದು ಬಿಟ್ಟು, ಬೇರೆಯವರದ್ದು ಎಷ್ಟು ಓದಿದೆ, ಯಾವುದನ್ನು ಓಡಿಸಿ ನೋಡಿದೆ ಅಂತ ಇಂಟರ್ನಲ್ಸ್‌ಗೆ ಐದು ಮಾರ್ಕ್ಸ್ ಇಡಲಿ. ಬೇರೆಯವರ ಪ್ಯಾಚ್ ನಿಮ್ಮ ಮಷೀನ್ ಮೇಲೆ ಓಡಿಸಿ ಸರಿ ಇದ್ದರೆ ಟೆಸ್ಟೆಡ್-ಬೈ ಅಂತ ನಿಮ್ಮ ಹೆಸರು ಕಮಿಟ್‌ನಲ್ಲೇ ಸೇರುತ್ತದೆ. ರೆಸ್ಯೂಮೆಗೆ ಅದೇನು ಕಮ್ಮಿಯಾ?

ನಾನು ನಮ್ಮ ಹುಡುಗನಿಗೆ ಹೇಳಿದ್ದೂ ಇದನ್ನೇ. ಅವನ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ಗೆ ಸಂಬಂಧಪಟ್ಟ ಯಾರದ್ದೋ ಪ್ಯಾಚ್ ಹುಡುಕಿ ಕೊಟ್ಟೆ. ಭಾನುವಾರ ಪೂರ್ತಿ ಕಂಪೈಲ್, ಅಂದ್ರೆ ಕೋಡನ್ನು ಮಷೀನ್ ಓಡಿಸುವ ರೂಪಕ್ಕೆ ತರುವ ಕೆಲಸ. ಓಡಿಸಿದ, ಚೆನ್ನಾಗೇ ಇತ್ತು, ಮುಚ್ಚಳ ಮುಚ್ಚಿ ತೆರೆದರೆ ಮಾತ್ರ ಟಚ್‌ಪ್ಯಾಡ್ ಸತ್ತುಹೋಗುತ್ತಿತ್ತು. ಲಾಗ್ ಸಮೇತ ಅಷ್ಟನ್ನೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದ. ಬರೆದವರು ಥ್ಯಾಂಕ್ಸ್ ಹೇಳಿ, ಹಿಂದಿನ ಕರ್ನಲ್‌ನಲ್ಲೂ ಹೀಗೇ ಆಗುತ್ತಾ ನೋಡಿ ಹೇಳ್ತೀರಾ ಅಂತ ಕೇಳಿದ್ದಾರೆ. ಈಗ ಮತ್ತೆ ಕಂಪೈಲ್‌ಗೆ ಹಾಕಿದ್ದಾನೆ. ಫ್ಯಾನ್ ಸದ್ದಿಗೆ ನಿದ್ದೆ ಬರ್ತಿಲ್ಲ ಅಂತ ಅಕ್ಕ ನನಗೇ ಬೈಯುತ್ತಿದ್ದಾಳೆ.

ಇಂತಿ,
ನಿಮ್ಮ ಓದುಗ, ದಾವಣಗೆರೆ