ಕಳ್ಳನ ಹೆಜ್ಜೆ ಗುರುತು ಅಳಿಸಬೇಡಿ

ಮಾನ್ಯ ಸಂಪಾದಕರೇ,

ಕಳವಾದ ಮನೆಗೆ ಪೊಲೀಸರು ಬರುವ ಮೊದಲೇ ಊರವರೆಲ್ಲ ಅಂಗಳದಲ್ಲಿ ಓಡಾಡಿ ಕಳ್ಳನ ಚಪ್ಪಲಿ ಗುರುತನ್ನು ತುಳಿದು ಹಾಕುವುದು ನಮ್ಮ ಬದಿಯಡ್ಕ, ಪೆರ್ಲ ಕಡೆ ಮಾಮೂಲಾಗಿದೆ. ಯಾರೂ ಬೇಕೆಂದು ಮಾಡುವುದಲ್ಲ, ಗಾಬರಿ ಅಷ್ಟೆ. ಆದರೆ ಅಳಿಸಿ ಹೋಗುವುದು ಒಳ್ಳೆಯ ಸಾಕ್ಷ್ಯ. ಒಂದೇ ಕಂಪನಿಯ, ಒಂದೇ ಅಳತೆಯ ಚಪ್ಪಲಿ ಸಾವಿರಾರು ಇರಬಹುದು. ಆದರೆ ಹಿಮ್ಮಡಿಯ ಒಂದು ಬದಿ ಸವೆದ ರೀತಿ, ಗಾಜು ತಾಗಿ ಅಟ್ಟೆಯಲ್ಲಿ ಬಿದ್ದ ಸಣ್ಣ ಗೀರು ಎರಡು ಜೋಡಿಗಳಲ್ಲಿ ಒಂದೇ ಥರ ಇರುವುದು ಕಷ್ಟ. ಗುರುತಿನ ಪಕ್ಕ ಅಳತೆಪಟ್ಟಿ ಇಟ್ಟು, ಓರೆಯಾಗಿ ಬೆಳಕು ಬಿಟ್ಟು, ನೇರ ಮೇಲಿನಿಂದ ಫೋಟೋ ತೆಗೆದು, ಆಮೇಲೆ ಡೆಂಟಲ್ ಸ್ಟೋನ್ (ಹಲ್ಲಿನ ಅಚ್ಚಿಗೆ ಬಳಸುವ ಗಟ್ಟಿ ಜಿಪ್ಸಂ) ಪುಡಿ ಕಲಸಿ ಹೊಯ್ದು ಅಚ್ಚು ತೆಗೆಯುತ್ತಾರೆ. ನಮ್ಮ ಮಳೆಗಾಲದಲ್ಲಿ ಒಂದು ಜೋರು ಮಳೆ ಸಾಕು, ಎಲ್ಲ ಹೋಯಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಅಪರಾಧ ತನಿಖೆ, ವಿಚಾರಣೆಯ ಕಾನೂನು), 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎನ್ನುತ್ತದೆ. ಅಷ್ಟರಲ್ಲಿ ಗುರುತೇ ಉಳಿಯದಿದ್ದರೆ ಅವರು ಸುಮ್ನೆ ಬಂದು ಹೋದಂತೆ, ಅಲ್ವಾ? ಗುರುತು ಕಂಡರೆ ಅದಕ್ಕೆ ತಾಗದ ಹಾಗೆ ಬಕೆಟ್ ಕವುಚಿ ದೂರ ನಿಲ್ಲಿ ಎಂಬಷ್ಟನ್ನು ಗ್ರಾಮಸಭೆ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಸಭೆಗಳಲ್ಲಿ ಪೊಲೀಸರು ಕನ್ನಡದಲ್ಲೂ ತಿಳಿಸಲಿ.

– ಓದುಗ, ಪೆರ್ಲ, ಕಾಸರಗೋಡು